ನಿಂತ ಸೈಕಲ್ಲಿನ ಮೇಲೆ ಗೊಬ್ಬೂರಿಗೆ

ನನ್ನ ಹೆಂಡತಿ ಕಸ್ತೂರಿಬಾಯಿ ತೀರಿಕೊಂಡು ವರ್ಷ ತುಂಬಿತು. ಮನೆಗೆ ಬಂದವರು ಅವಳ ಕೊನೆಯ ದಿನಗಳ ಬಗ್ಗೆ ಕೇಳುತ್ತಾರೆ. ನಾನು ಹೇಳುತ್ತೇನೆ. ಅವರು ಕಣ್ಣು ಒರೆಸಿಕೊಂಡು, ಚಹಾ ಕುಡಿದು ಹೋಗುತ್ತಾರೆ. ಅಷ್ಟು ವರ್ಷ ಬದುಕಿದವಳ ಬಗ್ಗೆ ಬರೀ ಸಾವಿನ ಮಾತನ್ನೇ ಎಷ್ಟು ಸಲ ಆಡುವುದು? ನಾವಿಬ್ಬರೂ ಎಲ್ಲಕ್ಕಿಂತ ಹೆಚ್ಚು ನಕ್ಕ ವರ್ಷ ಯಾವುದೆಂದು ಒಂದು ಮಧ್ಯಾಹ್ನ ಕೂತು ಯೋಚಿಸಿದೆ. ಅದು ನನ್ನ ಬಲ ಮೊಣಕಾಲು ಕೈಕೊಟ್ಟ ವರ್ಷ.

ಅದನ್ನೇ ಬರೆಯುತ್ತಿದ್ದೇನೆ. ನಾನು ಏಳನೆಯ ತರಗತಿವರೆಗೆ ಓದಿದವನು, ಬರವಣಿಗೆ ಸಾದಾ ಇರುತ್ತದೆ. ಮೊಣಕಾಲು ಹಿಡಿದುಕೊಂಡು ದವಾಖಾನೆಯ ಬೆಂಚಿನ ಮೇಲೆ ಕೂತವರು ಯಾರಾದರೂ ಓದಿದರೆ, ಪಕ್ಕದಲ್ಲಿ ನಾನೂ ಕೂತಿದ್ದೇನೆ ಅಂದುಕೊಳ್ಳಲಿ.

ನಮ್ಮೂರು ಆಳಂದ ತಾಲೂಕಿನದು, ಜಿಡಗಾದ ಹತ್ತಿರ. ಎಂಬತ್ತರ ದಶಕದ ಮಾತು. ಗಾಣದಿಂದ ಕುಸುಬಿ ಎಣ್ಣೆ ತಂದು, ಸೈಕಲ್ಲಿನ ಕ್ಯಾರಿಯರ್‌ಗೆ ಎರಡೂ ಕಡೆ ಡಬ್ಬಿ ಕಟ್ಟಿಕೊಂಡು, ಭೂಸನೂರಿನವರೆಗಿನ ಹಳ್ಳಿಗಳಲ್ಲಿ ಅಳೆದು ಮಾರುವುದು ನನ್ನ ಕಸುಬಾಗಿತ್ತು. ತುಂಬಿದ ಡಬ್ಬಿಗಳ ಸೈಕಲ್ ಮೊಂಡು ಎತ್ತಿನ ಹಾಗೆ. ಹೊರಡುವುದಿಲ್ಲ ಅನ್ನುತ್ತದೆ. ಹೊರಟರೆ ನಿಲ್ಲುವುದಿಲ್ಲ ಅನ್ನುತ್ತದೆ.

ನಮ್ಮ ಊರಲ್ಲಿ ಒಂದು ರೀತಿ ಇತ್ತು. ಸೈಕಲ್ ಮೇಲೆ ಹೋಗುವವನು ಹಿರಿಯರು ಕಂಡರೆ ಇಳಿಯಬೇಕು. ಇಳಿದು, ಅವರನ್ನು ದಾಟುವವರೆಗೆ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತಬೇಕು. ಊರ ಹೊರಗೆ ಹೋಗುವ ದಾರಿ ಹನುಮಂತ ದೇವರ ಗುಡಿಯ ಮುಂದೆಯೇ ಹಾಯುತ್ತದೆ. ಗುಡಿಯ ಕಟ್ಟೆಯ ಮೇಲೆ ಹಿರಿಯರು ತಲೆಗೆ ರುಮಾಲು ಸುತ್ತಿಕೊಂಡು ಬೆಳಗಿನಿಂದ ಕೂತಿರುತ್ತಿದ್ದರು. ಎಲ್ಲರಿಗಿಂತ ಹಿರಿಯ ಚನ್ನಬಸಪ್ಪ ಮುತ್ಯಾ. ಹೊಸದಾಗಿ ಬಂದ ಶಾಲೆಯ ಮಾಸ್ತರರೊಬ್ಬರು ತಿಳಿಯದೆ ಸೈಕಲ್ ಮೇಲೆಯೇ ದಾಟಿಹೋದಾಗ, ಮುತ್ಯಾ ಅವರನ್ನು ಕರೆದು, ಚಹಾ ಕುಡಿಸಿ, ಮತ್ತೆ ಹಿಂದಕ್ಕೆ ಕಳಿಸಿ, ಇಳಿದು ದಾಟಿಹೋಗಲು ಹೇಳಿದ್ದರು. ಸಿಟ್ಟಿನಿಂದಲ್ಲ, ಪಾಠ ಹೇಳುವವರಿಗೆ ಪಾಠ ಹೇಳಿದಂತೆ.

ಹೀಗೆ ದಿನಕ್ಕೆ ಹಲವು ಸಲ ಭಾರದ ಸೈಕಲ್ ಇಳಿದು ಹತ್ತುವವನಿಗೆ ಎರಡೂ ಕಾಲು ನೆಲಕ್ಕೆ ಗಟ್ಟಿಯಾಗಿ ಮುಟ್ಟಬೇಕಲ್ಲ? ಅದಕ್ಕೆ ಸೀಟನ್ನು ಇಳಿಸಬಹುದಾದಷ್ಟು ಇಳಿಸಿಕೊಂಡಿದ್ದೆ. ನಾನು ಸೈಕಲ್ ಮೇಲೆ ಕೂತರೆ ಒಲೆಯ ಮುಂದೆ ಕೂತಂತೆ ಕಾಣುತ್ತದೆ ಎಂದು ಕಸ್ತೂರಿ ನಗುತ್ತಿದ್ದಳು.

ಅದರ ಮೇಲೆ ನನ್ನ ಬುದ್ಧಿಯೊಂದು. ಗಾಡಿಯ ಅಚ್ಚು ತಿರುಗಿದಷ್ಟೂ ಸವೆಯುತ್ತದೆ. ಮೊಣಕಾಲೂ ಹಾಗೇ ಇರಬೇಕು, ಕಡಿಮೆ ಸುತ್ತು ತುಳಿದರೆ ಹೆಚ್ಚು ವರ್ಷ ಬಾಳುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ಆಳಂದದಲ್ಲಿ ಹಿಂದಿನ ಹಲ್ಲಿನ ಚಕ್ರ ಬಿಚ್ಚಿಸಿ, ಅದಕ್ಕಿಂತ ಸಣ್ಣದು ಹಾಕಿಸಿದೆ. ಈಗ ಒಂದು ಸಲ ತುಳಿದರೆ ಸೈಕಲ್ ಮೊದಲಿಗಿಂತ ದೂರ ಹೋಗುತ್ತಿತ್ತು. ಆದರೆ ಆ ಒಂದು ತುಳಿತಕ್ಕೆ ಮೈಯ ಭಾರವನ್ನೆಲ್ಲ ಹಾಕಬೇಕು. ತೊಡೆ ಗಟ್ಟಿಯಾಗುತ್ತಿದೆ ಎಂದು ಹಿಗ್ಗಿದೆ. ನಿಧಾನಕ್ಕೆ, ಒತ್ತಿ ಒತ್ತಿ, ಎದುರುಗಾಳಿಯಲ್ಲೂ ಇಳಿಯದೆ ತುಳಿದೆ. ಮೆಟ್ಟಿಲು ಹತ್ತುವಾಗ ಮೊಣಕಾಲ ಚಿಪ್ಪಿನ ಕೆಳಗೆ ಕರಕರ ಅನ್ನಲು ಶುರುವಾಗಿದ್ದನ್ನು ಯಾರಿಗೂ ಹೇಳಲಿಲ್ಲ.

ಕಬ್ಬಿನ ಕಾಲದಲ್ಲಿ, ಭೂಸನೂರಿನ ದಾರಿಯ ಏರಿನಲ್ಲಿ ಅದು ಕೈಕೊಟ್ಟಿತು. ಪೆಡಲ್ ಒತ್ತಿದೆ, ಮೊಣಕಾಲಲ್ಲಿ ಕಾಯ್ದ ಕಡ್ಡಿ ಇಟ್ಟಂತಾಯಿತು. ಸೈಕಲ್ ಅಡ್ಡ ಹಾಕಿ ಹೊಲದ ಬದುವಿನ ಮೇಲೆ ಕೂತೆ. ಏಳಲು ಆಗಲಿಲ್ಲ. ಫ್ಯಾಕ್ಟರಿಗೆ ಕಬ್ಬು ಇಳಿಸಿ ಬರುತ್ತಿದ್ದ ಗಾಡಿಯವರು ನೋಡಿ, ನನ್ನನ್ನೂ ಸೈಕಲ್ಲನ್ನೂ ಡಬ್ಬಿಗಳನ್ನೂ ಗಾಡಿಯ ಮೇಲೆ ಏರಿಸಿ ಮನೆಗೆ ತಂದು ಬಿಟ್ಟರು. ಗಾಡಿಯ ಮೇಲೆ ಸೊಟ್ಟಗೆ ಒರಗಿ ಕೂತು ಬಂದ ನನ್ನನ್ನು ಬಾಗಿಲಲ್ಲಿ ನಿಂತ ಕಸ್ತೂರಿ ನೋಡಿದಳು.

"ಏನ್ರಿ ಇದು, ಮದುಮಗನ ಗತೆ ಗಾಡಿ ಮ್ಯಾಲ ಬಂದೀರಿ? ಇನ್ನೊಂದ ಲಗ್ನ ಮಾಡ್ಕೊಂಡ್ ಬಂದ್ರೇನು?"

ಆಮೇಲೆ ನನ್ನ ಕಾಲು ನೋಡಿದಳು. ಅವಳ ಮುಖದಿಂದ ನಗು ಹೋದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಕುಂಬಳಕಾಯಿಯಂತೆ ಬಾತ ಮೊಣಕಾಲು ನೋಡಿ ಅವ್ವ, ಜೇವರ್ಗಿಯ ಕಡೆ ಒಬ್ಬರು ಎಲುಬು ಕಟ್ಟುತ್ತಾರೆ, ಅಲ್ಲಿಗೇ ಹೋಗೋಣ ಎಂದಳು. ಹೋದೆವು. ಅವರು ತತ್ತಿಯ ಬಿಳಿ ಲೋಳೆಯಲ್ಲಿ ಏನೋ ಸೊಪ್ಪು ಅರೆದು, ಬಟ್ಟೆ ಸುತ್ತಿ ಕಟ್ಟಿದರು. ಮೂರು ಹೊತ್ತು ಲಿಂಗಪೂಜೆ ಮಾಡುವ ನನ್ನ ಅವ್ವ, ತತ್ತಿಯನ್ನು ಮನೆಯ ಓಣಿಗೂ ಬಿಟ್ಟುಕೊಡದವಳು, ಅದನ್ನು ನೋಡುತ್ತ ನಿಂತಿದ್ದಳು.

"ಕಾಲಿಗಿ ಹಚ್ಚಿದ್ದು ಹೊಟ್ಟಿಗಿ ಹೋಗಂಗಿಲ್ಲ," ಎಂದಳು ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ.

ಎರಡು ದಿನಕ್ಕೆ ಆ ಕಟ್ಟು ನಾರತೊಡಗಿತು. ಓಣಿಯ ಬೆಕ್ಕುಗಳೆಲ್ಲ ನನ್ನ ಹಾಸಿಗೆಯ ಸುತ್ತ ಬಂದು ಕೂಡತೊಡಗಿದವು. "ನಿಮ್ಮನ್ನ ನೋಡಾಕ ಬೀಗರು ಬಂದಾರ್ರಿ," ಎಂದು ಕಸ್ತೂರಿ ಅವನ್ನು ಓಡಿಸುತ್ತಿದ್ದಳು. ಬಾವು ಮಾತ್ರ ಇಳಿಯಲಿಲ್ಲ.

ಆ ದಿನಗಳಲ್ಲಿ ನನಗೆ ನಿಜವಾದ ಹೆದರಿಕೆ ಬಂದಿತ್ತು. ನಮ್ಮ ಬದುಕೆಲ್ಲ ನೆಲದ ಮೇಲಿನದು. ಉಣ್ಣುವುದು ನೆಲದ ಮೇಲೆ, ಮಾತಾಡುವುದು ನೆಲದ ಮೇಲೆ, ಪೂಜೆ ನೆಲದ ಮೇಲೆ. ನಾನು ಚಕ್ಕಳಮಕ್ಕಳ ಹಾಕಿ ಕೂರಲಾರೆ. ಒಮ್ಮೆ ಕೂತರೆ ಇಬ್ಬರು ಎತ್ತಬೇಕು. ಮೂವತ್ತೈದು ದಾಟಿರದ ನಾನು ಇನ್ನು ಜೀವನಪೂರ್ತಿ ಕೋಲು ಹಿಡಿದು ನಡೆಯಬೇಕೇ, ಹಳ್ಳಿಹಳ್ಳಿ ತಿರುಗುವ ಕಸುಬು ಹೋಯಿತೇ ಎಂದು ಒಳಗೊಳಗೆ ಕುಸಿದೆ. ಒಂದು ಬೆಳಗ್ಗೆ ಪೂಜೆಗೆ ಕೂರಲಾಗದೆ ಲಿಂಗ ಹಿಡಿದುಕೊಂಡು ಗೋಡೆಗೆ ಆನಿಸಿ ನಿಂತೇ ಇದ್ದೆ, ಕಣ್ಣಲ್ಲಿ ನೀರು. ಅವ್ವ ಅಡುಗೆಮನೆಯಿಂದ ನೋಡಿದಳು.

"ಯಾಕೋ?"

"ನಿಂತು ಹ್ಯಾಂಗ ಪೂಜಾ ಮಾಡ್ಲಿ ಅವ್ವಾ? ಕೂಡಾಕ ಬರವಲ್ದು."

"ಲಿಂಗ ಅಂಗೈಯಾಗ ಅದ. ಮೊಣಕಾಲಾಗ ಇಲ್ಲ. ನಿಂತು ಮಾಡು, ಮಲಗಿ ಮಾಡು. ಅದಕ್ಕೇನ್ ತಕಲೀಫ?"

ಅಂದಿನಿಂದ ಕಸ್ತೂರಿ ಪಡಸಾಲೆಯಲ್ಲಿ ಎರಡು ಜೋಳದ ಚೀಲ ಒಂದರ ಮೇಲೊಂದು ಇಟ್ಟು, ಮೇಲೆ ಕೌದಿ ಹಾಸಿ, ನನಗೊಂದು ಪೀಠ ಮಾಡಿಕೊಟ್ಟಳು. ಪೂಜೆ, ಊಟ ಎಲ್ಲ ಅದರ ಮೇಲೆ. ತಾನೂ ಅವ್ವನೂ ಕೆಳಗೆ ಕೂತು ಉಣ್ಣುವಾಗ, "ಗೌಡ್ರ, ಇನ್ನೊಂದ್ ರೊಟ್ಟಿ ಅಪ್ಪಣಿ ಆಗಲಿ," ಎಂದು ತಲೆ ಎತ್ತಿ ಕೇಳುತ್ತಿದ್ದಳು. ಮನೆಯಲ್ಲಿ ಉಳಿದ ಎಣ್ಣೆಯನ್ನು ತಾನೇ ತಲೆಯ ಮೇಲೆ ಹೊತ್ತು ಊರೊಳಗೆ ಮಾರಿ ಬಂದಳು.

ಬಾವು ಇಳಿಯದಿದ್ದಾಗ ಗುಲಬರ್ಗಾದ ದೊಡ್ಡ ದವಾಖಾನೆಗೆ ಹೋದೆವು. ಬಾಗಿಲ ಹೊರಗೆ ಉದ್ದನೆಯ ಬೆಂಚು, ಅದರ ತುಂಬ ಕಾಲುಗಳು. ಕಟ್ಟು ಹಾಕಿದ ಕಾಲು, ಎಣ್ಣೆ ಹಚ್ಚಿದ ಕಾಲು, ಚಾಚಿದ ಕಾಲು. ಅಲ್ಲಿ ಕೂತಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ಊರಲ್ಲಿ ನಾನೊಬ್ಬನೇ ಕುಂಟ, ಇಲ್ಲಿ ಎಲ್ಲರೂ ನನ್ನವರು. ಪಕ್ಕದಲ್ಲಿ ಅಫಜಲಪುರದ ಕಡೆಯ ಮುದುಕಿಯೊಬ್ಬಳು ಗಂಟು ಬಿಚ್ಚಿ, ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಮುರಿದು ನಮ್ಮಿಬ್ಬರಿಗೂ ಕೊಟ್ಟಳು.

"ನಿಂದು ಹ್ಯಾಂಗ ಹೋತೋ ಮಗಾ?"

"ಸೈಕಲ್ ತುಳದು ಆಯಿ."

"ನಂದು ಬೀಸೋ ಕಲ್ಲಿನ ಮುಂದ ಕುಂತು ಹೋತು. ನಿಂದು ಸೈಕಲ್ ಮ್ಯಾಲ ಕುಂತು ಹೋತು. ಕುಂತೇ ಕಳಕೊಂಡೀವಿ ಇಬ್ರೂ. ನಡದವರು ಚಲೋ ಅದಾರ ನೋಡು."

ಕಸ್ತೂರಿ ರೊಟ್ಟಿ ಗಂಟಲಲ್ಲಿ ಸಿಕ್ಕುವಷ್ಟು ನಕ್ಕಳು.

ಡಾಕ್ಟರು ಚಿಕ್ಕ ವಯಸ್ಸಿನವರು. ಫೋಟೋ ತೆಗೆಸಿ ನೋಡಿ, ಎಲುಬು ಚೆನ್ನಾಗಿದೆ ಅಂದರು. ಚಿಪ್ಪನ್ನು ಒತ್ತಿ ನೋಡಿದರು, ನಾನು ಕೂಗಿದೆ. ಸೈಕಲ್ಲಿನ ವಿಷಯ ಕೇಳಿ ತಿಳಿದುಕೊಂಡು, "ಮುಂದಿನ ಸಲ ಬರೋವಾಗ ಸೈಕಲ್ ತಗೊಂಡ್ ಬರ್ರಿ," ಎಂದರು. ಅಲ್ಲಿಯವರೆಗೆ ಗುಳಿಗೆ, ವಿಶ್ರಾಂತಿ.

ಹೇಳಿದ್ದು ಡಾಕ್ಟರು, ತರಲೇಬೇಕು. ಮುಂದಿನ ಸಲ ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿಸಿದೆವು. ಕಂಡಕ್ಟರ್ ಎಲ್ಲಿಗೆಂದು ಕೇಳಿದ.

"ದವಾಖಾನಿಗಿರಿ," ಎಂದಳು ಕಸ್ತೂರಿ.

"ಸೈಕಲ್ ಯಾಕ?"

"ಅದಕ್ಕೂ ತೋರಸಬೇಕಾಗ್ಯಾದ್ರಿ."

ಇಡೀ ಬಸ್ಸು ಗುಲಬರ್ಗಾದವರೆಗೆ ನಗುತ್ತ ಹೋಯಿತು. ಯಾರೋ ಹಿಂದಿನಿಂದ, ಪಂಕ್ಚರ್ ಆದರೆ ಇಂಜೆಕ್ಷನ್ ಮಾಡುತ್ತಾರೆಯೇ ಎಂದು ಕೇಳಿದರು. ದವಾಖಾನೆಯ ಬಾಗಿಲು ಕಾಯುವವನು ಮಾತ್ರ ನಗಲಿಲ್ಲ. ಪೇಷಂಟಿನ ಜೊತೆ ಒಬ್ಬರನ್ನು ಮಾತ್ರ ಬಿಡುತ್ತೇನೆ ಎಂದ. "ಹಂಗಾದ್ರ ಸೈಕಲ್ ಒಳಗ ಹೋಗಲಿ, ನಾ ಹೊರಗ ಕೂಡ್ತೇನಿ," ಎಂದಳು ಇವಳು. ಅವನು ತಲೆ ಕೆರೆದುಕೊಂಡು ಮೂವರನ್ನೂ ಬಿಟ್ಟ.

ಡಾಕ್ಟರು ಅಂಗಳಕ್ಕೆ ಬಂದು, ಸೈಕಲ್ಲನ್ನು ಗೋಡೆಗೆ ಆನಿಸಿ ನನ್ನನ್ನು ಹತ್ತಿಸಿದರು. ನಾನು ಪೆಡಲ್ ಮೇಲೆ ಕಾಲಿಟ್ಟ ತಕ್ಷಣ ಅವರ ಹುಬ್ಬು ಮೇಲೇರಿತು.

"ಯಾಕ್ರಿ, ಸೀಟು ಇಷ್ಟ್ ತೆಳಗ? ಮೊಣಕಾಲು ಎದಿಗಿ ಬಡ್ಯಾಕತ್ತಾವಲ್ಲ?"

"ಹಿರಿಯರು ಕಂಡ್ರ ಇಳೀಬೇಕಲ್ರಿ ಸಾಹೇಬ್ರ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಿಂದಿನ ಚಕ್ರದ ಹಲ್ಲು ನೋಡಿ ಅದರ ಕತೆಯನ್ನೂ ಕೇಳಿದರು. ಸವೆಯಬಾರದೆಂದು ಸುತ್ತು ಕಡಿಮೆ ಮಾಡಿದೆ ಎಂದೆ. ಅವರು ನಕ್ಕರು, ಆದರೆ ನನ್ನನ್ನು ಸಣ್ಣವನನ್ನಾಗಿ ಮಾಡುವ ನಗು ಅಲ್ಲ.

"ಮೊಣಕಾಲು ತಿರುಗಿದ್ರ ಸವೆಯಂಗಿಲ್ರಿ, ಮಡಚಿ ಇಟ್ಟು ಭಾರ ಹೇರಿದ್ರ ದಣೀತದ. ಹಳೀ ಚಕ್ರ ಹಾಕಸ್ರಿ. ಸೀಟು ಏರಸ್ರಿ. ಹಗುರಾಗಿ, ಜಲ್ದಿ ಜಲ್ದಿ ತಿರುಗಸ್ರಿ. ಭಾರ ಹೊತ್ತು ನಿಂತು ನಿಂತು ಹೊರಡೋದು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನ ಕಡಿಮಿ ಮಾಡ್ರಿ."

"ಮತ್ತ ತೊಡಿ ಗಟ್ಟಿ ಆಗೂದು ಬ್ಯಾಡೇನ್ರಿ?" ಎಂದು ಕೇಳಿದೆ.

"ಬೇಕು. ಆದ್ರ ಅಡಗಿಗಿ ಉಪ್ಪು ಹಾಕಿದಂಗ ಹಾಕಬೇಕು. ನೀವು ಬರೀ ಉಪ್ಪೇ ಉಂಡೀರಿ."

ಹೀಗೆ ನಮ್ಮ ಮನೆಯಲ್ಲಿ ಚಿಕಿತ್ಸೆ ಶುರುವಾಯಿತು. ಮೊದಲು ಮಲಗಿಕೊಂಡು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವುದು, ಕಾಲು ನೆಟ್ಟಗೆ ಎತ್ತುವುದು. ಕೇಳಲು ಸುಲಭ. ನನ್ನ ತೊಡೆ ನಡುಗುತ್ತಿತ್ತು. ನೋವು ತಗ್ಗಿದ ಮೇಲೆ ಸೈಕಲ್. ಪಡಸಾಲೆಯಲ್ಲಿ ಸ್ಟ್ಯಾಂಡ್ ಹಾಕಿ, ಗೋಡೆಗೆ ಒತ್ತಿ ನಿಲ್ಲಿಸಿ, ಹಿಂದಿನ ಗಾಲಿ ನೆಲ ಮುಟ್ಟದಂತೆ ಮಾಡಿ, ಬರಿದೇ ತುಳಿಯಬೇಕು. ಸೀಟು ಏರಿಸಿದ್ದರಿಂದ ನನ್ನ ತಲೆ ತೊಲೆಗೆ ಹತ್ತಿರವಾಯಿತು. ಅವ್ವ ಒಳಗೆ ಹೊರಗೆ ಓಡಾಡುತ್ತ, "ಎಲ್ಲಿ ತನಾ ಬಂದ್ಯೋ?" ಎಂದು ಕೇಳುತ್ತಿದ್ದಳು.

ಕೆಲವು ವಾರಗಳಾದ ಮೇಲೆ ಡಾಕ್ಟರು ಸ್ವಲ್ಪ ತಡೆ ಕೊಟ್ಟು ತುಳಿಯಲು ಹೇಳಿದರು. ಅಂಥ ಯಂತ್ರ ನಮ್ಮಲ್ಲಿ ಎಲ್ಲಿಂದ ಬರಬೇಕು? ಕಸ್ತೂರಿ ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ, ಹಿಂದೆ ಮಣೆ ಹಾಕಿಕೊಂಡು ಕೂತು, ತಿರುಗುವ ಟೈರಿಗೆ ಒತ್ತಿ ಹಿಡಿದಳು. ಅವಳ ಕೈಯೇ ನನ್ನ ಏರು, ಅವಳ ಕೈಯೇ ನನ್ನ ಎದುರುಗಾಳಿ.

ಸುಮ್ಮನೆ ಕೂತು ಹಿಡಿಯುವವಳಲ್ಲ ಅವಳು. ಎರಡನೆಯ ದಿನದಿಂದಲೇ ದಾರಿ ಹೇಳತೊಡಗಿದಳು. "ಈಗ ಊರ ಹೊರಗ ಬಂದ್ವಿ. ಸಪಾಟ ಅದ, ತುಳೀರಿ. ಈಗ ಹಳ್ಳ ಬಂತು, ಉಸುಕು ಅದ." ತಟ್ಟು ಒತ್ತುತ್ತಿತ್ತು. "ಈಗ ಇಳಕಲು." ಕೈ ಹಗುರಾಗುತ್ತಿತ್ತು. ಗಾಲಿ ಜುಂಯ್ ಅನ್ನುತ್ತಿತ್ತು. "ಅಲ್ಲಿ ನೋಡ್ರಿ, ಜೋಳದ ಹೊಲದಾಗ ನಮ್ಮ ಕಾಕಾ ನಿಂತಾನ. ಕೈ ಮಾಡ್ರಿ." ನಾನು ಗೋಡೆಗೆ ಕೈ ಮಾಡುತ್ತಿದ್ದೆ.

ಯಾವ ಕಡೆ ಹೊರಟರೂ ಕೊನೆಗೆ ನಾವು ಮುಟ್ಟುತ್ತಿದ್ದುದು ಗೊಬ್ಬೂರು. ಅದು ಅವಳ ತವರೂರು.

"ದಿನಾ ನಿಮ್ಮೂರಿಗೇ ಯಾಕ ಒಯ್ತಿ ಬೇ? ಒಂದ್ ದಿನ ಆಳಂದಕ್ಕ ಹೋಗೂಣು."

"ಕೈ ನಂದು, ದಾರಿ ನಂದು. ಸುಮ್ನ ತುಳೀರಿ. ನಮ್ಮವ್ವ ಹೋಳಿಗಿ ಮಾಡಿ ಕಾಯಾಕತ್ತಾಳ."

ನೋವಿನ ದಿನ ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ನನ್ನ ತುಳಿತದ ಸದ್ದಿನಲ್ಲೇ ತಿಳಿದು, "ಇವತ್ತು ದಾರಿಯಾಗ ಮಳಿ ಬಂತು, ಗಿಡದ ತೆಳಗ ನಿಲ್ಲೂಣು," ಎಂದು ತಟ್ಟು ತೆಗೆದು, ಚಹಾಕ್ಕೆ ಇಡುತ್ತಿದ್ದಳು. ಮತ್ತೆ ಬಾತುಕೊಂಡ ದಿನಗಳೂ ಇದ್ದವು. ನಾನು ಸಿಟ್ಟಾಗಿ ಸೈಕಲ್ಲನ್ನು ಮಾರಿಬಿಡುತ್ತೇನೆ ಎಂದ ದಿನವೂ ಇತ್ತು. "ಮಾರ್ರಿ. ಆದ್ರ ಗೊಬ್ಬೂರು ಮುಟ್ಟಿದ ಮ್ಯಾಲ ಮಾರ್ರಿ. ನಡುದಾರ್ಯಾಗ ನನ್ನ ಇಳಿಸಬ್ಯಾಡ್ರಿ," ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ನೆಲದ ಮೇಲೆ ಕೂತು, ಗೋಡೆ ಹಿಡಿಯದೆ ಎದ್ದೆ. ಊಟಕ್ಕೆ ಮಾತ್ರ ಇನ್ನೂ ಚೀಲಗಳ ಪೀಠವೇ. ಡಾಕ್ಟರು ನೋಡಿ, ಅರ್ಧ ಡಬ್ಬಿಗಳಿಂದ ಕಸುಬು ಶುರುಮಾಡಿ ಎಂದರು. ಹಳ್ಳಿಗಳಲ್ಲಿ ಮನೆಮನೆಗೆ ನಿಲ್ಲದೆ, ಒಂದು ಕಡೆ ಸೈಕಲ್ ನಿಲ್ಲಿಸಿ ಎಲ್ಲರನ್ನೂ ಅಲ್ಲಿಗೇ ಕರೆಯಿರಿ ಎಂದರು. "ಸೀಟು ಮತ್ತ ಇಳಿಸಿದ್ರ ನನ್ನ ಕಡಿ ಬರಬ್ಯಾಡ್ರಿ," ಎಂದೂ ಸೇರಿಸಿದರು.

ಹಳ್ಳಿಗಳದು ಸರಿ. ನಮ್ಮೂರ ಕಟ್ಟೆಯದು ಹೇಗೆ? ಏರಿಸಿದ ಸೀಟಿನಿಂದ ನನ್ನ ತುದಿಗಾಲು ಮಾತ್ರ ನೆಲ ಮುಟ್ಟುತ್ತದೆ. ಡಬ್ಬಿ ಕಟ್ಟಿದ ಸೈಕಲ್ಲಿಂದ ಅಲ್ಲಿ ಇಳಿದರೆ ಪಕ್ಕಕ್ಕೆ ವಾಲುತ್ತದೆ. ಕಟ್ಟೆ ದಾಟಿದ ಕೂಡಲೇ ಏರು, ಅಲ್ಲಿಂದ ಮತ್ತೆ ಹೊರಡುವುದೆಂದರೆ ಮೊಣಕಾಲಿಗೆ ಮೊದಲಿನದೇ ಹೊಡೆತ. ಇಳಿಯದೆ ಹೋದರೆ ಹಿರಿಯರಿಗೆ ಅಪಮಾನ. ಕಾಲು ಮೇಲಾದ ಮೇಲೂ ನಾನು ಸುಮಾರು ದಿನ ಏನೇನೋ ನೆಪ ಹೇಳಿ ಮನೆಯಲ್ಲೇ ಉಳಿದೆ.

"ನಾ ಹೋಗಿ ಮುತ್ಯಾಗ ಹೇಳ್ಲೇನು?" ಎಂದಳು ಕಸ್ತೂರಿ.

"ಬ್ಯಾಡ. ಇಳೀಲಾರದವ ಅಂತ ನನಗ ರಿಯಾಯ್ತಿ ಕೇಳಬ್ಯಾಡ. ಮರ್ಯಾದಿ ಪ್ರಶ್ನಿ."

"ಆತು ಬಿಡ್ರಿ," ಎಂದಳು, ಬಹಳ ಬೇಗ.

ಮರುದಿನ ಬೆಳಗ್ಗೆ ಅವಳೇ ಡಬ್ಬಿ ಕಟ್ಟಿ, ನೆಪ ಸಾಕು, ಹೊರಡಿ ಎಂದಳು. ಅವ್ವ ಮೊಸರು ಕೊಟ್ಟಳು. ಬಾಗಿಲ ಕಲ್ಲಿನ ಮೇಲೆ ಕಾಲೂರಿ ಹೊರಟೆ. ಪೆಡಲ್ ಹಗುರಾಗಿ ತಿರುಗಿತು. ಬಹಳ ತಿಂಗಳ ಮೇಲೆ ಮುಖಕ್ಕೆ ನಿಜವಾದ ಗಾಳಿ ತಾಕಿತು. ಓಣಿ ತಿರುಗಿದ ಕೂಡಲೇ ಕಟ್ಟೆ ಕಂಡಿತು. ಎಲ್ಲ ರುಮಾಲುಗಳೂ ಅಲ್ಲಿದ್ದವು. ನಡುವೆ ಚನ್ನಬಸಪ್ಪ ಮುತ್ಯಾ, ಕಣ್ಣು ನನ್ನ ಮೇಲೇ. ನನ್ನ ಕೈ ಬ್ರೇಕಿನ ಮೇಲೆ ಹೋಯಿತು. ಇಳಿದುಬಿಡುತ್ತೇನೆ, ಮೊಣಕಾಲು ಹಾಳಾದರೆ ಆಗಲಿ ಎಂದುಕೊಂಡೆ.

ಆಗ ಮುತ್ಯಾನ ದನಿ ಕೇಳಿತು.

"ಏ, ಗುಡಿ ಗ್ವಾಡಿ ಮ್ಯಾಲ ಎಷ್ಟ್ ದೊಡ್ಡ ಹಲ್ಲಿ ಅದ ನೋಡ್ರಲೇ!"

ಹೇಳಿದವರೇ ಮೊದಲು ತಿರುಗಿದರು. ಅವರ ಹಿಂದೆ ಎಲ್ಲರೂ ತಿರುಗಿದರು. ಕಟ್ಟೆಯ ತುಂಬ ಬೆನ್ನುಗಳು, ಮೇಲೆ ಸಾಲಾಗಿ ರುಮಾಲು. ಹಿರಿಯರು ನೋಡದಿದ್ದರೆ ಇಳಿಯಬೇಕಾಗಿಲ್ಲ, ಅದೂ ನಮ್ಮ ರೀತಿಯೇ. ನಾನು ಬ್ರೇಕ್ ಬಿಟ್ಟು ತುಳಿದೆ. ಅವರ ಹಿಂದಿನಿಂದ ದಾಟುವಾಗ ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಹ್ಯಾಂಡಲ್ ಮಾತ್ರ ಗಟ್ಟಿಯಾಗಿ ಹಿಡಿದಿದ್ದೆ.

"ಹೋದನೇನ್ಲೇ?" ಎಂದರು ಮುತ್ಯಾ, ಗೋಡೆಗೆ.

"ಇಲ್ಲ ಮುತ್ಯಾ, ಇನ್ನಾ ಹೊಂಟಾನ."

"ಮತ್ತ ನೀ ಯಾಕ್ ನೋಡ್ದಿ? ತಿರುಗು ಗ್ವಾಡಿ ಕಡಿ!"

ಏರು ಹತ್ತಿ ಆಚೆ ಇಳಿಯುವವರೆಗೆ ಅವರ ನಗು ನನ್ನ ಬೆನ್ನಿಗೆ ಕೇಳುತ್ತಿತ್ತು. ಆ ದಿನ ಮೂರು ಹಳ್ಳಿ ತಿರುಗಿದೆ. ಎಲ್ಲ ಕಡೆ ಎಣ್ಣೆಗಿಂತ ಮೊಣಕಾಲಿನ ವಿಚಾರವೇ ಹೆಚ್ಚು ಕೇಳಿದರು.

ಸಂಜೆ ಮನೆಗೆ ಬಂದಾಗ ಕಸ್ತೂರಿ ಬಾಗಿಲಲ್ಲೇ ಇದ್ದಳು. ಮುತ್ಯಾಗೆ ಹೇಳಿದೆಯಾ ಎಂದು ಕೇಳಿದೆ. "ನಾ ಯಾಕ ಹೇಳ್ಲಿ? ಹಲ್ಲಿ ಇದ್ದೀತು," ಎಂದಳು. ಸಾಯುವವರೆಗೂ ಅದನ್ನೇ ಹೇಳಿದಳು.

ಮೊದಲ ದಿನ ತಿರುಗಿ ಬಂದ ಮೇಲೆ ಬಲ ಮೊಣಕಾಲು ಎಡದ್ದಕ್ಕಿಂತ ಬಿಸಿಯಾಗಿದೆಯೇ ಮುಟ್ಟಿ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಬಿಸಿಯಾಗಿದ್ದರೆ ಚಿಕಿತ್ಸೆ ಮತ್ತೆ ಮೊದಲಿಂದ. ನಾನು ಕಾಲು ಚಾಚಿ ಕೂತೆ. ಅವಳು ದೀಪ ಹತ್ತಿರ ತಂದು, ಅಂಗೈಯನ್ನು ಮೊದಲು ಎಡ ಮೊಣಕಾಲ ಮೇಲಿಟ್ಟಳು, ಆಮೇಲೆ ಬಲದ ಮೇಲೆ. ತಿರುಗಿ ಎಡಕ್ಕೆ, ತಿರುಗಿ ಬಲಕ್ಕೆ. ನಾನು ಉಸಿರು ಹಿಡಿದು ಅವಳ ಮುಖ ನೋಡುತ್ತಿದ್ದೆ. ಅವಳು ಬೇಕೆಂದೇ ಹೊತ್ತು ಮಾಡುತ್ತಿದ್ದಳು.

"ಹೇಳ ಬೇ, ಏನಾತು?"

"ಎರಡೂ ಒಂದೇ ಅದಾವ್ರಿ, ತಣ್ಣಗ," ಎಂದಳು. "ಏಳ್ರಿ, ಕೈಕಾಲ ತೊಳಕೊಂಡ್ ಬರ್ರಿ. ಇವತ್ತು ತೆಳಗ ಕುಂತು ಉಣ್ಣೂಣು."